ಡೇಟಾಬೇಸ್ ಸರ್ವರ್ ಬರೀ ಉಸಿರಾಡ್ತಾ ಇದ್ಯಾ, ಕೆಲಸಾನೂ ಮಾಡ್ತಾ ಇದ್ಯಾ? ಪದೇ ಪದೇ ಕೇಳೋ ಪ್ರಶ್ನೆಗಳು

ಶಿರಸಿ ಸುತ್ತಮುತ್ತ ಎರಡು ಸೊಸೈಟಿ, ಒಂದು ಲ್ಯಾಬು, ಕಾರವಾರ ಬದಿಗೆ ಒಂದು ಐಸ್ ಫ್ಯಾಕ್ಟರಿ, ಇಷ್ಟು ಕಡೆ ಡೇಟಾಬೇಸ್ ಸರ್ವರ್ ನೋಡ್ಕೊಳ್ಳೋದು ನನ್ನ ಕೆಲಸ. ಫೋನ್ ಮಾಡೋರೆಲ್ಲ ಹೆಚ್ಚು ಕಡಿಮೆ ಅದೇ ಪ್ರಶ್ನೆ ಕೇಳೋದು, ಪ್ರತಿ ಸಲ ಮೊದಲಿಂದ ಹೇಳ್ತಾ ಕೂತ್ರೆ ಒಂದು ಕವಳ ಹಾಕೋಕೂ ಪುರಸೊತ್ತು ಸಿಗಲ್ಲ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟೆ. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್, ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರ್ ಮೂರೂ ಡೇಟಾಬೇಸ್ ಸಾಫ್ಟ್‌ವೇರು ನಮ್ಮ ಕಡೆ ಇದೆ, ಹಾಗಾಗಿ ಕಲಸಿ ಬರೆದಿದ್ದೇನೆ, ನಿಮ್ಮದು ಯಾವುದೋ ಅದನ್ನ ಆರಿಸ್ಕೊಳ್ಳಿ.

ಪಿಂಗ್ ಸರಿಯಾಗಿ ಬರ್ತಾ ಇದೆ. ಹಾಗಾದ್ರೆ ಸರ್ವರ್ ಸರಿ ಇದೆ ಅಂತಲೇ ಅಲ್ವಾ?

ಅಲ್ಲ. ಪಿಂಗ್ ಅಂದ್ರೆ ನೆಟ್‌ವರ್ಕಲ್ಲಿ ಮಷಿನ್‌ಗೆ “ಇದ್ದೀಯಾ” ಅಂತ ಕೂಗೋದು, ಅದಕ್ಕೆ ಉತ್ತರ ಕೊಡೋದು ಆಪರೇಟಿಂಗ್ ಸಿಸ್ಟಮ್ಮು, ಡೇಟಾಬೇಸ್ ಅಲ್ಲ. ಡೇಟಾಬೇಸ್ ಬಿದ್ದು ಎರಡು ದಿನ ಆಗಿದ್ರೂ ಪಿಂಗ್ ಮಾತ್ರ ಆರಾಮಾಗಿ ಬರ್ತಾ ಇರ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಅಂದ್ರೆ ಪೋರ್ಟ್ ನೋಡೋದು, ಮೈಎಸ್‌ಕ್ಯುಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432, ಎಸ್‌ಕ್ಯುಎಲ್ ಸರ್ವರ್‌ಗೆ 1433. ಪೋರ್ಟ್ ತೆರೆದಿದೆ ಅಂದ್ರೆ ಅಂಗಡಿ ಬಾಗಿಲು ತೆರೆದಿದೆ ಅಂತಷ್ಟೇ, ಗಲ್ಲೆ ಮೇಲೆ ಯಾರಾದ್ರೂ ಕೂತಿದ್ದಾರಾ ಅದು ಬೇರೆ ವಿಷ್ಯ. ಇನ್ನೊಂದು ಮೆಟ್ಟಿಲು ಹತ್ತಿದ್ರೆ ಲಾಗಿನ್ ಆಗಿ ‘ಸೆಲೆಕ್ಟ್ 1’ ಅನ್ನೋ ಅತಿ ಸಣ್ಣ ಪ್ರಶ್ನೆ ಕೇಳೋದು. ಸುಮಾರು ಜನ ಅಲ್ಲಿಗೆ ಸಾಕು ಅಂತ ನಿಲ್ಲಿಸ್ತಾರೆ, ನಾನೂ ಬಹಳ ವರ್ಷ ಅಲ್ಲೇ ನಿಂತಿದ್ದೆ. ಆದ್ರೆ ‘ಸೆಲೆಕ್ಟ್ 1’ ಯಾವ ಟೇಬಲ್ಲನ್ನೂ ಮುಟ್ಟಲ್ಲ, ಡಿಸ್ಕಿಗೆ ಒಂದಕ್ಷರ ಬರೆಯಲ್ಲ. ಮನೇಲಿ ಒಬ್ಬಳೇ ಇರೋ ಆಯಿಗೆ ಫೋನ್ ಮಾಡಿ ಆರಾಮಾ ಕೇಳಿದ್ರೆ “ಹೂಂ, ಆರಾಮು” ಅಂತಾಳೆ, ಮಂಡಿ ನೋವಿಗೆ ಎರಡು ದಿನದಿಂದ ಅಂಗಳಕ್ಕೆ ಇಳಿದಿರೋದಿಲ್ಲ.

ಮೈಎಸ್‌ಕ್ಯುಎಲ್ ಜೊತೆ ಬರೋ ‘ಮೈಎಸ್‌ಕ್ಯುಎಲ್‌ಅಡ್ಮಿನ್ ಪಿಂಗ್’ ಇದೆಯಲ್ಲ, ಅದು ಪಾಸ್‌ವರ್ಡ್ ತಪ್ಪಾಗಿ ‘ಆ್ಯಕ್ಸೆಸ್ ಡಿನೈಡ್’ ಬಂದ್ರೂ ಸರ್ವರ್ ಇದೆ ಅಂತಲೇ 0 ವಾಪಸ್ ಕೊಡ್ತದೆ. ತಪ್ಪಲ್ಲ ಅದು, ಸರ್ವರ್ ಇರೋದಂತೂ ಹೌದು, ಆದ್ರೆ ಅದನ್ನ ನಂಬಿ ಕೂತ್ರೆ ಮೋಸ ಹೋಗ್ತೀರಿ. ಪೋಸ್ಟ್‌ಗ್ರೆಸ್‌ನ ‘ಪಿಜಿ ಈಸ್ ರೆಡಿ’ ಸ್ವಲ್ಪ ವಾಸಿ, 0 ಅಂದ್ರೆ ಕನೆಕ್ಷನ್ ತಗೊಳ್ತಾ ಇದೆ, 1 ಅಂದ್ರೆ ಎದ್ದಿದೆ ಆದ್ರೆ ತಗೊಳ್ತಾ ಇಲ್ಲ, ಈಗಷ್ಟೇ ಸ್ಟಾರ್ಟ್ ಆಗ್ತಾ ಇದ್ರೆ ಹಾಗೆ ಬರ್ತದೆ, 2 ಅಂದ್ರೆ ಉತ್ತರವೇ ಇಲ್ಲ. ಅದೂ ಬಾಗಿಲ ತನಕ ಮಾತ್ರ.

ಹಾಗಾದ್ರೆ ಅದರ ಹತ್ರ ಎಂತ ಕೇಳ್ಬೇಕು?

ಒಂದು ಸಣ್ಣ ನಿಜವಾದ ಕೆಲಸ ಮಾಡಿಸ್ಬೇಕು. ನಾನು ಎಲ್ಲಾ ಕಡೆ ‘ನಾಡಿ’ ಅಂತ ಒಂದು ಪುಟ್ಟ ಟೇಬಲ್ ಮಾಡಿಟ್ಟಿದ್ದೇನೆ, ಇರೋದೇ ಒಂದು ಸಾಲು. ನಿಮಿಷಕ್ಕೊಂದು ಸಲ ಬೇರೆ ಮಷಿನ್‌ನಿಂದ ಸ್ಕ್ರಿಪ್ಟು ಬಂದು ಆ ಸಾಲಲ್ಲಿ ಈಗಿನ ಟೈಮ್ ಬರೆದು, ಕಮಿಟ್ ಮಾಡಿ (ಬರೆದದ್ದನ್ನ ಪಕ್ಕಾ ಮಾಡಿ), ವಾಪಸ್ ಓದಿ, ಇಷ್ಟೂ ಮಾಡೋಕೆ ಎಷ್ಟು ಮಿಲಿಸೆಕೆಂಡ್ ಹಿಡೀತು ಅಂತ ತನ್ನ ಹತ್ರ ಬರ್ಕೊಂಡು ಹೋಗ್ತದೆ. ಡಿಸ್ಕ್ ತುಂಬಿದ್ರೆ ಇಲ್ಲಿ ಸಿಕ್ಕಿ ಬೀಳ್ತದೆ, ಯಾರೋ ರೀಡ್ ಓನ್ಲಿ ಮಾಡಿಟ್ಟಿದ್ರೆ ಸಿಕ್ಕಿ ಬೀಳ್ತದೆ, ಹಾರ್ಡ್‌ಡಿಸ್ಕ್ ಹಾಳಾಗೋಕೆ ಹೊರಟಿದ್ರೆ ದಿನಾ 8 ಮಿಲಿಸೆಕೆಂಡ್ ಇದ್ದದ್ದು 400 ಆಗಿರೋದು ಕಾಣ್ತದೆ.

ಸ್ಕ್ರಿಪ್ಟಿಗೆ ಟೈಮ್‌ಔಟ್ ಇಡೋದು ಮರೀಬೇಡಿ, ನಾನು 5 ಸೆಕೆಂಡ್ ಇಟ್ಟಿದ್ದೇನೆ. ಇಲ್ಲದಿದ್ರೆ ಡೇಟಾಬೇಸ್ ಹ್ಯಾಂಗ್ ಆದಾಗ ನೋಡೋಕೆ ಹೋದ ಸ್ಕ್ರಿಪ್ಟೂ ಅಲ್ಲೇ ಹ್ಯಾಂಗ್ ಆಗಿ ಕೂರ್ತದೆ, ನಿಮಗೆ ಯಾರೂ ಹೇಳೋರಿಲ್ಲ. ಕೆಲಸ ಮುಗಿದ ಮೇಲೆ ಕನೆಕ್ಷನ್ ಮುಚ್ಚೋದನ್ನೂ ಮರೀಬೇಡಿ, ನಾನೇ ಒಮ್ಮೆ ಮರೆತು, ನಿಮಿಷಕ್ಕೊಂದರ ಹಾಗೆ ಕನೆಕ್ಷನ್ ಸೇರ್ತಾ ಸೇರ್ತಾ ಎರಡೂವರೆ ತಾಸಲ್ಲಿ ನನ್ನ ಮಾನಿಟರಿಂಗೇ ಸರ್ವರ್ ಬೀಳಿಸಿತ್ತು. ಇದನ್ನ ಯಾರಿಗೂ ಹೇಳಿರ್ಲಿಲ್ಲ ಇಷ್ಟು ದಿನ.

ಇದರ ಜೊತೆ ಇನ್ನೊಂದು, ವ್ಯವಹಾರದ ಕಡೆಯಿಂದ ನೋಡೋದು. ಕೊನೇ ಬಿಲ್ ಆಗಿದ್ದು ಎಷ್ಟು ಹೊತ್ತಿಗೆ? ಸೊಸೈಟಿಯ ಅಡಿಕೆ ಟೆಂಡರ್ ದಿನ ಮಧ್ಯಾಹ್ನ 12ಕ್ಕೆ ಇಪ್ಪತ್ತು ನಿಮಿಷದಿಂದ ಒಂದೂ ಬಿಲ್ ಆಗಿಲ್ಲ ಅಂದ್ರೆ ಉಳಿದ ಎಲ್ಲಾ ದೀಪ ಹಸಿರು ಇದ್ರೂ ಏನೋ ಎಡವಟ್ಟಾಗಿದೆ ಅಂತ ಅರ್ಥ.

ಎಲ್ಲಾ ಹಸಿರೇ ಇತ್ತು, ಆದ್ರೂ ಬಿಲ್ ಆಗ್ತಾ ಇರ್ಲಿಲ್ಲ. ಹಾಗಾಗೋಕೆ ಸಾಧ್ಯ ಇದ್ಯಾ?

ಇದೆ, ನನ್ನ ಕಣ್ಣೆದುರೇ ಆಗಿದೆ. ಫೆಬ್ರವರಿ, ಅಡಿಕೆ ಸುಗ್ಗಿ ಜೋರು, ಟೆಂಡರ್ ದಿನ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಚೀಲ ಕಾಲಿಡೋಕೆ ಜಾಗ ಇಲ್ಲದ ಹಾಗೆ ಬಿದ್ದಿದೆ, ದರ ಆಗಿ ಜನ ಪಟ್ಟಿಗೆ ಕಾಯ್ತಾ ಕೂತಿದ್ದಾರೆ. ನಾಲ್ಕು ಕೌಂಟರು, ನಾಲ್ಕರಲ್ಲೂ ಸೇವ್ ಒತ್ತಿದ್ರೆ ಮರಳು ಗಡಿಯಾರ ತಿರುಗ್ತದೆ ತಿರುಗ್ತದೆ, ಸುಮಾರು ಒಂದು ನಿಮಿಷಕ್ಕೆ ಎರರ್. ನಾನು ಲ್ಯಾಪ್‌ಟಾಪ್ ತೆರೆದು ನೋಡ್ತೇನೆ, ಸಿಪಿಯು 4 ಪರ್ಸೆಂಟ್, ಡಿಸ್ಕ್ ಖಾಲಿ ಇದೆ, ನಾಡಿ 6 ಮಿಲಿಸೆಕೆಂಡ್. ಸರ್ವರ್ ಇಷ್ಟು ಆರಾಮಾಗಿ ಸುಗ್ಗಿಯಲ್ಲಿ ಯಾವತ್ತೂ ಇದ್ದದ್ದಿಲ್ಲ! ಅದೇ ಸುಳಿವು ಆಗಿತ್ತು, ನನಗೆ ಹೊಳೆದದ್ದು ಹತ್ತು ನಿಮಿಷ ಕಳೆದ ಮೇಲೆ.

ಆ ಎರರ್ ಬರೋಕೆ ಎಷ್ಟು ಹೊತ್ತು ಹಿಡೀತದೆ ಅಂತ ಮೊಬೈಲ್‌ನಲ್ಲಿ ಎಣಿಸಿದೆ, ಸರಿಯಾಗಿ 50 ಸೆಕೆಂಡ್. ಮೈಎಸ್‌ಕ್ಯುಎಲ್‌ನಲ್ಲಿ 50 ಅಂದ ತಕ್ಷಣ ನೆನಪಾಗ್ಬೇಕಾದ್ದು ಲಾಕ್ ವೇಟ್ ಟೈಮ್‌ಔಟು, ಒಬ್ಬರು ಹಿಡ್ಕೊಂಡ ಸಾಲಿಗೆ ಇನ್ನೊಬ್ಬರು ಕಾಯೋ ಗರಿಷ್ಠ ಹೊತ್ತು ಅದು, ಯಾರೂ ಬದಲಾಯಿಸದಿದ್ರೆ 50 ಇರ್ತದೆ. ಈಗ ತೆರೆದಿರೋ ಟ್ರಾನ್ಸಾಕ್ಷನ್, ಅಂದ್ರೆ ಶುರುವಾಗಿ ಇನ್ನೂ ಮುಗಿಯದ ಕೆಲಸ, ತೋರಿಸೋ ‘ಇನ್ನೋಡಿಬಿ ಟಿಆರ್‌ಎಕ್ಸ್’ ಟೇಬಲ್ ತೆರೆದೆ, ಒಂದು ಟ್ರಾನ್ಸಾಕ್ಷನ್ 47 ನಿಮಿಷದಿಂದ ತೆರೆದೇ ಇದೆ. ಯಾವ ಮಷಿನ್ ಅಂತ ನೋಡಿದ್ರೆ ಒಳಗಿನ ರೂಮಿಂದು, ಕುರ್ಚಿ ಖಾಲಿ, ಸ್ಕ್ರೀನಲ್ಲಿ ಬಿಲ್ ಕಿಟಕಿ ತೆರೆದಿದೆ. ಹಳೇ ಸಾಫ್ಟ್‌ವೇರು, ಕಿಟಕಿ ತೆರೆದ ಕೂಡ್ಲೆ ಬಿಲ್ ನಂಬರಿನ ಸಾಲಿಗೆ ಲಾಕ್ ಹಾಕಿ ಸೇವ್ ಆಗೋ ತನಕ ಬಿಡ್ತಿರ್ಲಿಲ್ಲ. ಆ ಕುರ್ಚಿಯವರ ಮನೇಲಿ ಅವತ್ತು ಸತ್ಯನಾರಾಯಣ ಕಥೆ, ಊಟಕ್ಕೆ ಹೋಗಿದ್ರು. ಸೆಷನ್ ಕಿಲ್ ಮಾಡಿದೆ, ನಾಲ್ಕೂ ಕೌಂಟರಲ್ಲಿ ಪ್ರಿಂಟರ್ ಒಟ್ಟಿಗೇ ಕಿರ್ರ್ ಅಂತು. ಎರಡೂವರೆಗೆ ಅವರು ಬಂದು “ಸರ, ನನ್ನ ಸ್ಕ್ರೀನು ಎಂತಕ್ಕೋ ಎರರ್ ಕೊಡ್ತದೆ ನೋಡಿ” ಅಂದ್ರು, ಕೈಯಲ್ಲಿ ನಂಗೂ ಒಂದು ಪೊಟ್ಟಣ ಪ್ರಸಾದ ಇತ್ತು, ಎಂತ ಹೇಳೋದು.

ಆವತ್ತಿಂದ ಎಲ್ಲಾ ಕಡೆ “ಅತಿ ಹಳೇ ಟ್ರಾನ್ಸಾಕ್ಷನ್‌ಗೆ ವಯಸ್ಸೆಷ್ಟು” ಅನ್ನೋದನ್ನ ಅಳೀತೇನೆ. 2 ನಿಮಿಷ ದಾಟಿದ್ರೆ ಮೆಸೇಜು. ಪೋಸ್ಟ್‌ಗ್ರೆಸ್ ಆದ್ರೆ ‘ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ’ ನೋಡಿ, ‘ಐಡಲ್ ಇನ್ ಟ್ರಾನ್ಸಾಕ್ಷನ್’ ಅಂತ ಬರೆದ ಸಾಲು ಇದ್ರೆ ಅದೇ ಊಟಕ್ಕೆ ಹೋದವರು. 9.6ನೇ ವರ್ಶನ್‌ನಿಂದ ಅದನ್ನ ತಾನೇ ಕತ್ತರಿಸೋ ಟೈಮ್‌ಔಟ್ ಸೆಟ್ಟಿಂಗ್ ಇದೆ, ಆದ್ರೆ ಬರುವಾಗ ಆಫ್ ಆಗಿರ್ತದೆ.

ಮಾನಿಟರಿಂಗ್‌ನ ಅದೇ ಸರ್ವರ್‌ನಲ್ಲಿ ಹಾಕ್ಕೊಂಡ್ರೆ ಆಗಲ್ವಾ? ಬೇರೆ ಮಷಿನ್ ಎಲ್ಲಿಂದ ತರೋದು?

ಹಾಕ್ಕೊಳ್ಬಹುದು, ಅದೇ ಸರ್ವರ್ ಸತ್ತಾಗ “ನಾನು ಸತ್ತೆ” ಅಂತ ಅದೇ ಮೆಸೇಜ್ ಕಳಿಸ್ತದೆ ಅಂತ ನಂಬಿಕೆ ಇದ್ರೆ. ಜುಲೈ ತಿಂಗಳ ಒಂದು ರಾತ್ರಿ ಮರ ಬಿದ್ದು ಕರೆಂಟ್ ಹೋಯ್ತು, ಯುಪಿಎಸ್ ಇಪ್ಪತ್ತು ನಿಮಿಷ ಎಳೀತು, ಆಮೇಲೆ ಸರ್ವರು, ಅದರಲ್ಲಿದ್ದ ಮಾನಿಟರಿಂಗು, ಪಕ್ಕದ ರೂಟರು ಮೂರೂ ಒಟ್ಟಿಗೆ ಆಫ್. ನನ್ನ ಫೋನ್ ಬೆಳಿಗ್ಗೆ ತನಕ ಸುಮ್ಮನಿತ್ತು, ನಾನೂ ಮಳೆ ಸಪ್ಪಳಕ್ಕೆ ಒಳ್ಳೇ ನಿದ್ದೆ ಹೊಡೆದೆ. ಬೆಳಿಗ್ಗೆ ಹೋಗಿ ನೋಡಿದ್ರೆ ಡೇಟಾಬೇಸ್ ಕ್ರ್ಯಾಶ್ ರಿಕವರಿ ಮಾಡ್ತಾ ಕೂತಿದೆ, ಬಾಗಿಲಲ್ಲಿ ಜನ.

ದೊಡ್ಡ ಮಷಿನ್ ಏನೂ ಬೇಡ. ಮೂಲೇಲಿ ಬಿದ್ದಿರೋ ಹಳೇ ಲ್ಯಾಪ್‌ಟಾಪ್ ಸಾಕು, ಅದಕ್ಕೆ ಬ್ಯಾಟರಿ ಬೇರೆ ಇರ್ತದೆ, ಅಥವಾ ಒಂದು ರಾಸ್ಪ್‌ಬೆರಿ ಪೈ. ಅದಕ್ಕೆ ಬೇರೆ ಕಂಪನಿ ಸಿಮ್ ಹಾಕಿದ ಡಾಂಗಲ್ ಕೊಡಿ, ಆಫೀಸಿನ ಇಂಟರ್ನೆಟ್ ಮೇಲೆ ಅವಲಂಬನೆ ಬೇಡ. ಯುಪಿಎಸ್‌ಗೆ ಯುಎಸ್‌ಬಿ ವಯರ್ ಇದ್ರೆ ಅದನ್ನ ಸರ್ವರ್‌ಗೆ ಚುಚ್ಚಿ, ಲಿನಕ್ಸಲ್ಲಿ ‘ನಟ್’ ಅನ್ನೋ ಸಾಫ್ಟ್‌ವೇರ್ ಹಾಕಿದ್ರೆ ಬ್ಯಾಟರಿ ಇಳಿದಾಗ ಡೇಟಾಬೇಸನ್ನ ಸರಿಯಾಗಿ ಮುಚ್ಚಿ ಮಷಿನ್ ಆಫ್ ಮಾಡ್ತದೆ. ಆ ವಯರ್ ಎಷ್ಟೋ ಕಡೆ ಯುಪಿಎಸ್ ಡಬ್ಬದಲ್ಲೇ ಪ್ಲಾಸ್ಟಿಕ್ ಕೊಟ್ಟೆ ಸಮೇತ ಇರ್ತದೆ, ಹುಡುಕಿ.

ಮೆಸೇಜ್ ಬಂದಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ ತಿಳ್ಕೊಳ್ಬಹುದಾ?

ಮೇಲಿಂದು ಓದಿದ್ರಲ್ಲ. ಮೆಸೇಜ್ ಬರ್ಲಿಲ್ಲ ಅಂದ್ರೆ ಎರಡು ಅರ್ಥ, ಒಂದೋ ಎಲ್ಲಾ ಸರಿ ಇದೆ, ಇಲ್ಲಾ ಹೇಳೋ ಪ್ರಾಣಿಯೇ ಸತ್ತಿದೆ, ದೂರದಿಂದ ಎರಡೂ ಒಂದೇ ಥರ ಕಾಣ್ತದೆ. ಅದಕ್ಕೆ ಉಲ್ಟಾ ಮಾಡ್ಬೇಕು. ಸರಿ ಇದ್ದಾಗ ಹೇಳ್ಬೇಕು, ಹೇಳೋದು ನಿಂತ್ರೆ ಹೊರಗಿನವರು ಕೂಗ್ಬೇಕು. ‘ಹೆಲ್ತ್‌ಚೆಕ್ಸ್’ ಥರದ ಸರ್ವಿಸ್ ಇದೆ, ನಿಮ್ಮ ಸ್ಕ್ರಿಪ್ಟು ಐದು ನಿಮಿಷಕ್ಕೊಮ್ಮೆ ಅಲ್ಲಿಗೆ ಒಂದು ಲಿಂಕ್ ತಟ್ಟಿ ಬರ್ತದೆ, ತಟ್ಟೋದು ನಿಂತ್ರೆ ಅವರೇ ನಿಮಗೆ ಮೇಲ್ ಮಾಡ್ತಾರೆ.

ನಾನು ಇನ್ನೊಂದು ಮಾಡಿದ್ದೇನೆ, ಬೆಳಿಗ್ಗೆ ಎಂಟೂವರೆಗೆ ಪ್ರತಿ ಜಾಗದಿಂದ ಒಂದೇ ಸಾಲಿನ ಮೆಸೇಜು, “ಸರ್ವರ್ ಇದೆ, ಬ್ಯಾಕಪ್ ಆಗಿದೆ, ಡಿಸ್ಕ್ 61”. ದೋಸೆ ತಿನ್ನುವಾಗ ನೋಡೋದು. ನಾಲ್ಕು ಬರ್ಬೇಕಾದ್ದು ಮೂರೇ ಬಂದ್ರೆ ದೋಸೆ ಅಷ್ಟಕ್ಕೇ.

ಸರ್ವರ್ ಡೌನ್ ಅಂತ ಮೆಸೇಜ್ ಬರ್ತದೆ, ಅಲ್ಲಿ ಫೋನ್ ಮಾಡಿದ್ರೆ ಎಲ್ಲಾ ಸರಿ ಇದೆ ಅಂತಾರೆ. ಯಾರನ್ನ ನಂಬೋದು?

ಇಬ್ಬರೂ ನಿಜ ಹೇಳ್ತಾ ಇದ್ದಾರೆ. ಸತ್ತದ್ದು ಲೈನು. ದೇವಿಮನೆ ಘಟ್ಟದಲ್ಲಿ ಮಣ್ಣು ಜಾರಿ ಕೇಬಲ್ ತುಂಡಾದ್ರೆ ಶಿರಸಿಯಿಂದ ನೋಡೋನಿಗೆ ಕೆಳಗಿನದ್ದೆಲ್ಲಾ ಡೌನೇ. ಅದಕ್ಕೆ ಎರಡು ಕಡೆಯಿಂದ ನೋಡ್ಬೇಕು, ಒಳಗಿಂದ ಒಂದು, ಹೊರಗಿಂದ ಒಂದು. ಒಳಗಿಂದು ಸರಿ ಇದ್ದು ಹೊರಗಿಂದು ಮಾತ್ರ ಬಿದ್ರೆ ಲೈನು. ಎರಡೂ ಬಿದ್ರೆ ಎದ್ದು ಹೊರಡಿ. 2024ರ ಜುಲೈ 16ಕ್ಕೆ ಅಂಕೋಲಾ ಹತ್ರದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾದಾಗ ಹೊರಡೋಣ ಅಂದ್ರೆ ದಾರಿಯೇ ಇರ್ಲಿಲ್ಲ. ಆ ವಾರ ಸರ್ವರ್ ಬಗ್ಗೆ ತಲೆ ಕೆಡಿಸ್ಕೊಳ್ಳೋ ಮನಸ್ಸೂ ಯಾರಿಗೂ ಇರ್ಲಿಲ್ಲ ಬಿಡಿ, ಆದ್ರೆ ಫೋನಿನಲ್ಲಿ ಹೇಳಿಕೊಟ್ರೆ ಅಲ್ಲಿರೋರೇ ಸ್ವಿಚ್ ಒತ್ತೋ ಹಾಗೆ ಒಂದು ಕಾಗದ ಬರೆದು ಸರ್ವರ್ ಪಕ್ಕ ಅಂಟಿಸಿದ್ದು ಅದಾದ ಮೇಲೇ.

ಡಿಸ್ಕ್ ಎಷ್ಟು ತುಂಬಿದಾಗ ಹೆದರ್ಬೇಕು?

ಎಲ್ಲರೂ 80, 90 ಪರ್ಸೆಂಟ್ ಅಂತ ಇಡ್ತಾರೆ, ನಾನೂ ಇಟ್ಟಿದ್ದೇನೆ, ಆದ್ರೆ ನಿಜವಾಗಿ ಬೇಕಾದ್ದು ಇನ್ನು ಎಷ್ಟು ದಿನಕ್ಕೆ ತುಂಬ್ತದೆ ಅನ್ನೋದು. 2 ಟಿಬಿ ಡಿಸ್ಕಲ್ಲಿ 90 ಆಗಿದ್ರೂ 200 ಜಿಬಿ ಖಾಲಿ ಇದೆ, ದಿನಕ್ಕೆ 100 ಎಂಬಿ ಬೆಳೆಯೋ ಸೊಸೈಟಿಗೆ ವರ್ಷಗಟ್ಟಲೆ ಸಾಕು. ಅದೇ 60 ಪರ್ಸೆಂಟ್‌ನಲ್ಲಿದ್ದ ಡಿಸ್ಕು ಒಂದೇ ರಾತ್ರಿ ತುಂಬಿದ್ದೂ ನೋಡಿದ್ದೇನೆ.

ತುಂಬಿಸೋ ಕಳ್ಳರು ಯಾರ್ಯಾರು ಅಂತ ಗೊತ್ತಿರ್ಲಿ. ಮೈಎಸ್‌ಕ್ಯುಎಲ್ 8ರಲ್ಲಿ ಬೈನರಿ ಲಾಗ್ (ಆದ ಬದಲಾವಣೆಯೆಲ್ಲಾ ಬರೆದಿಡೋ ಫೈಲು) ತಾನಾಗೇ ಆನ್ ಇರ್ತದೆ, 30 ದಿನದ್ದು ಇಟ್ಕೊಳ್ತದೆ, ಸುಗ್ಗಿ ತಿಂಗಳಲ್ಲಿ ಅದೇ ಡೇಟಾಕ್ಕಿಂತ ದೊಡ್ಡದಾಗೋದುಂಟು. ಪೋಸ್ಟ್‌ಗ್ರೆಸ್‌ನಲ್ಲಿ ಇನ್ನೂ ಗಮ್ಮತ್ತು. ರೆಪ್ಲಿಕೇಶನ್ ಸ್ಲಾಟ್ ಅಂತ ಮಾಡಿ ಕಾರವಾರದಲ್ಲಿ ರೆಪ್ಲಿಕಾ, ಅಂದ್ರೆ ಮೇನ್ ಸರ್ವರ್ ಬದಲಾದ ಹಾಗೇ ನಕಲು ಮಾಡ್ಕೊಳ್ಳೋ ಇನ್ನೊಂದು ಸರ್ವರ್, ಇಟ್ಟಿದ್ದೆ, ಅಲ್ಲಿ ಯಾರೋ ಬಣ್ಣ ಹೊಡೆಸುವಾಗ ಮಷಿನ್ ಆಫ್ ಮಾಡಿ ಮೂಲೆಗಿಟ್ರು. ಆ ರೆಪ್ಲಿಕಾ ಇವತ್ತಲ್ಲ ನಾಳೆ ಬರ್ತದೆ ಅಂತ ಮೇನ್ ಸರ್ವರ್ ಅದಕ್ಕೋಸ್ಕರ ಎಲ್ಲಾ ವಾಲ್ ಫೈಲ್ (ಪೋಸ್ಟ್‌ಗ್ರೆಸ್ ಬದಲಾವಣೆ ಬರೆದಿಡೋ ಲಾಗ್) ತೆಗೆದಿಟ್ಕೊಳ್ತಾ ಹೋಯ್ತು, ನೆಂಟರಿಗೆ ಅಂತ ಊಟ ಎತ್ತಿಟ್ಟ ಹಾಗೆ, ಪಾಪ. ಹದಿನೈದನೇ ದಿನ ಮೇನ್ ಸರ್ವರ್ ಡಿಸ್ಕ್ ಫುಲ್. ಬಿದ್ದದ್ದು ರೆಪ್ಲಿಕಾ, ನಿಂತದ್ದು ಮೇನು. 13ನೇ ವರ್ಶನ್‌ನಿಂದ ಸ್ಲಾಟಿಗೆ ಇಷ್ಟೇ ಜಾಗ ಅಂತ ಮಿತಿ ಹಾಕೋಕೆ ಬರ್ತದೆ, ಹಾಕದಿದ್ರೆ ಮಿತಿ ಇಲ್ಲ.

ಇನ್ನು ಅಪರೂಪಕ್ಕೆ, ಡಿಸ್ಕಲ್ಲಿ ಜಾಗ ಇದೆ ಆದ್ರೂ ‘ನೋ ಸ್ಪೇಸ್’ ಅಂತದೆ, ಆಗ ಐನೋಡ್ (ಫೈಲಿಗೊಂದರ ಹಾಗೆ ಬೇಕಾಗೋ ನೋಂದಣಿ ಜಾಗ) ಮುಗಿದಿದೆಯಾ ನೋಡಿ, ಲಕ್ಷಗಟ್ಟಲೆ ಸಣ್ಣ ಸಣ್ಣ ಫೈಲ್ ಬಿದ್ದಿರೋ ಕಡೆ ಹೀಗಾಗ್ತದೆ.

ನಮ್ಮದು ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್, ಫ್ರೀ ಸಿಗೋದು. ಡಿಸ್ಕಲ್ಲಿ ಬೇಕಾದಷ್ಟು ಜಾಗ ಇದೆ, ಎಂಟ್ರಿ ಮಾತ್ರ ಹೋಗ್ತಿಲ್ಲ.

10 ಜಿಬಿ ಆಗಿರ್ತದೆ. 2022ರ ವರ್ಶನ್ ತನಕ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್‌ಗೆ ಅಷ್ಟೇ ಮಿತಿ. ಡಿಸ್ಕ್ ಬಿಟ್ಟು ಡೇಟಾಬೇಸ್ ಫೈಲಿನ ಸೈಜನ್ನೇ ನೋಡ್ತಾ ಇರಿ, 8 ದಾಟಿದ ಕೂಡ್ಲೆ ಹಳೇ ವರ್ಷದ್ದನ್ನ ಬೇರೆ ಮಾಡೋ ಮಾತುಕತೆ ಶುರು ಆಗ್ಲಿ. ಎಕ್ಸ್‌ಪ್ರೆಸ್‌ನಲ್ಲಿ ಏಜೆಂಟ್ ಅನ್ನೋ ಟೈಮ್‌ಟೇಬಲ್ ವ್ಯವಸ್ಥೆಯೂ ಇಲ್ಲ, ಬ್ಯಾಕಪ್ಪನ್ನ ವಿಂಡೋಸಿನ ಟಾಸ್ಕ್ ಶೆಡ್ಯೂಲರಲ್ಲಿ ಹಾಕ್ಬೇಕು, ಅದು ತಾನಾಗೇ ಆಗ್ತಾ ಇದೆ ಅಂತ ತಿಳ್ಕೊಂಡವರು ತುಂಬ ಜನ ಇದ್ದಾರೆ.

‘ಟೂ ಮೆನಿ ಕನೆಕ್ಷನ್ಸ್’ ಅಂತ ಬರ್ತದೆ. ನಮ್ಮಲ್ಲಿ ಇರೋದೇ ಹನ್ನೆರಡು ಕಂಪ್ಯೂಟರು!

ಕಂಪ್ಯೂಟರ್ ಹನ್ನೆರಡೇ, ಆದ್ರೆ ಸಾಫ್ಟ್‌ವೇರ್ ಒಂದೊಂದು ಕಿಟಕಿಗೆ ಒಂದೊಂದು ಕನೆಕ್ಷನ್ ತೆಗೆದು ಮುಚ್ಚದೇ ಬಿಟ್ರೆ? ಮೈಎಸ್‌ಕ್ಯುಎಲ್‌ಗೆ 151, ಪೋಸ್ಟ್‌ಗ್ರೆಸ್‌ಗೆ 100, ಇದು ಬರುವಾಗಿನ ಮಿತಿ. ಮೈಎಸ್‌ಕ್ಯುಎಲ್‌ನಲ್ಲಿ ಸುಮ್ಮನೆ ಕೂತ ಕನೆಕ್ಷನ್ 28800 ಸೆಕೆಂಡ್, ಅಂದ್ರೆ 8 ತಾಸು, ಕೂರೋಕೆ ಅವಕಾಶ ಇದೆ, ಅಂದ್ರೆ ಬೆಳಿಗ್ಗೆ ಬಿಟ್ಟದ್ದು ಆಫೀಸ್ ಮುಗಿಯೋ ತನಕ ಹಾಗೇ ಇರ್ತದೆ. ಮಿತಿ ಏರಿಸೋದು ಸುಲಭ, ಆದ್ರೆ ಅದು ಸೋರೋ ಹಂಡೆಗೆ ದೊಡ್ಡ ಪೈಪ್ ಹಾಕಿದ ಹಾಗೆ. ಮೊದಲು ಪ್ರೋಸೆಸ್ ಲಿಸ್ಟ್, ಅಂದ್ರೆ ಈಗ ಯಾರ್ಯಾರು ಕನೆಕ್ಟ್ ಆಗಿದ್ದಾರೆ ಅನ್ನೋ ಪಟ್ಟಿ, ನೋಡಿ ‘ಸ್ಲೀಪ್’ ಅಂತ ಎಷ್ಟು, ಯಾವ ಮಷಿನ್‌ನಿಂದ ಅಂತ ಎಣಿಸಿ. 120 ದಾಟಿದಾಗಲೇ ಮೆಸೇಜ್ ಬರೋ ಹಾಗೆ ಇಡಿ. ಅಡ್ಮಿನ್ ಒಬ್ಬರಿಗೆ ಅಂತ ಒಂದು ಹೆಚ್ಚುವರಿ ಜಾಗ ಅದು ಯಾವಾಗ್ಲೂ ಇಟ್ಟಿರ್ತದೆ, ಬಿಲ್ಲಿಂಗ್ ಸಾಫ್ಟ್‌ವೇರೇ ರೂಟ್ (ಎಲ್ಲಾ ಹಕ್ಕಿರೋ) ಯೂಸರಲ್ಲಿ ಓಡ್ತಾ ಇದ್ರೆ ಆ ಜಾಗವನ್ನೂ ಅದೇ ತಿಂದು ನೀವು ಹೊರಗೆ ನಿಲ್ತೀರಿ.

ಸಿಪಿಯು 90 ಪರ್ಸೆಂಟ್, ರ‍್ಯಾಮ್ ಪೂರ್ತಿ ಭರ್ತಿ. ಗಾಬರಿ ಆಗ್ಬೇಕಾ?

ರ‍್ಯಾಮ್ ಬಗ್ಗೆ ಬೇಡ, ಡೇಟಾಬೇಸ್ ಬೇಕಂತಲೇ ತುಂಬಿಸ್ಕೊಳ್ತದೆ. ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕಲ್ಲಿ ತಗೊಳ್ಳೋ ಜಾಗ) ಬಳಕೆ ಏರ್ತಾ ಇದ್ರೆ ಮಾತ್ರ ನೋಡಿ. ಸಿಪಿಯು ತಿಂಗಳ ಕೊನೇಲಿ ಬಡ್ಡಿ ಹಾಕುವಾಗ ಅರ್ಧ ತಾಸು ಏರಿದ್ರೆ ಅದು ದುಡೀತಾ ಇದೆ ಅಷ್ಟೇ. ಭಾನುವಾರ ರಾತ್ರಿ ಎರಡಕ್ಕೆ ಏರಿದ್ರೆ ನೋಡ್ಲೇಬೇಕು.

ರೀಸ್ಟಾರ್ಟ್ ಮಾಡಿದ್ರೆ ಸರಿ ಆಗ್ತದಲ್ಲ ಅಣ್ಣಾ, ಇಷ್ಟೆಲ್ಲಾ ಎಂತಕ್ಕೆ?

ತಮ್ಮಾ, ಸರಿ ಆಗ್ತದೆ, ಒಪ್ಪಿದೆ. ಆದ್ರೆ ಯಾರು ಲಾಕ್ ಹಿಡಿದಿದ್ರು, ಯಾವ ಕ್ವೆರಿ ಓಡ್ತಾ ಇತ್ತು ಅನ್ನೋ ಸಾಕ್ಷಿ ಎಲ್ಲಾ ಅದರ ಜೊತೆಗೇ ಹೋಗ್ತದೆ, ನಾಳೆ ಇದೇ ಹೊತ್ತಿಗೆ ಮತ್ತೆ ಫೋನ್ ಮಾಡ್ತೀಯಾ. ಮೆಮೊರಿಯಲ್ಲಿ ಬೆಚ್ಚಗೆ ಕೂತಿದ್ದ ಡೇಟಾ ಎಲ್ಲಾ ಖಾಲಿ ಆಗಿ ಮೊದಲ ಸ್ವಲ್ಪ ಹೊತ್ತು ಎಲ್ಲಾ ನಿಧಾನ ಬೇರೆ. ಒತ್ತೋ ಮೊದಲು ಪ್ರೋಸೆಸ್ ಲಿಸ್ಟ್ ಒಂದು ಫೈಲಿಗೆ ಇಳಿಸ್ಕೊ, ಅದೂ ಬರ್ದಿದ್ರೆ ಮೊಬೈಲಲ್ಲಿ ಸ್ಕ್ರೀನ್ ಫೋಟೋ ಹೊಡ್ಕೊ, ಆಮೇಲೆ ಬೇಕಾದ್ದು ಮಾಡು.

ಇದಕ್ಕೆ ಸೇರಿದ್ದೇ ಇನ್ನೊಂದು. ಈಗಿನ ಲಿನಕ್ಸಲ್ಲಿ ಡೇಟಾಬೇಸ್ ಬಿದ್ರೆ ಸಿಸ್ಟಮ್‌ಡಿ ಅನ್ನೋ ಮೇಲ್ವಿಚಾರಕ ತಾನೇ ಎಬ್ಬಿಸಿ ನಿಲ್ಲಿಸೋ ಹಾಗೆ ಸೆಟ್ ಮಾಡಿರ್ತಾರೆ, ನಿಮಿಷಕ್ಕೊಮ್ಮೆ ನೋಡೋ ಚೆಕ್ಕಿಗೆ ಬಿದ್ದದ್ದೇ ಗೊತ್ತಾಗಲ್ಲ. ದಿನಾ ರಾತ್ರಿ ಒಮ್ಮೆ ಬಿದ್ದು ಏಳ್ತಾ ಇದ್ದ ಸರ್ವರ್ ಒಂದಿತ್ತು, ರ‍್ಯಾಮ್ ಸಾಲದೇ ಕರ್ನಲ್ಲಿನ ಓಒಎಮ್ ಕಿಲ್ಲರ್ ಅದನ್ನ ಹೊಡೀತಾ ಇತ್ತು, ಎರಡು ತಿಂಗಳು ಯಾರಿಗೂ ಗೊತ್ತಿಲ್ಲ. ಅದಕ್ಕೆ ಸರ್ವರ್ ಎದ್ದು ಎಷ್ಟು ಹೊತ್ತಾಯ್ತು ಅನ್ನೋ ಅಪ್‌ಟೈಮನ್ನೂ ಬರ್ಕೊಳ್ಳಿ. ನಿನ್ನೆಗಿಂತ ಇವತ್ತು ಕಡಿಮೆ ಇದ್ರೆ ನಡುವೆ ಬಿದ್ದಿದೆ.

ಸರ್ವರ್ ಸ್ಲೋ ಅಂತ ದಿನಾ ಬೈಸ್ಕೊಳ್ತೇನೆ. ನಿಜಕ್ಕೂ ಸ್ಲೋ ಅಂತ ಹೇಗೆ ತೋರಿಸೋದು?

ಸ್ಲೋ ಕ್ವೆರಿ ಲಾಗ್ ಆನ್ ಮಾಡಿ. ಮೈಎಸ್‌ಕ್ಯುಎಲ್‌ನಲ್ಲಿ ಅದು ಬರುವಾಗ ಆಫು, ಆನ್ ಮಾಡಿದ್ರೂ 10 ಸೆಕೆಂಡ್ ದಾಟಿದ್ದು ಮಾತ್ರ ಬರೀತದೆ. ಕೌಂಟರ್ ಮುಂದೆ ನಿಂತವನಿಗೆ 10 ಸೆಕೆಂಡ್ ಅಂದ್ರೆ ಯುಗ, 1 ಮಾಡಿ. ಒಂದು ವಾರ ಬಿಟ್ಟು ಓದಿ, ಹತ್ತರಲ್ಲಿ ಎಂಟು ಒಂದೇ ರಿಪೋರ್ಟಿಂದ ಬಂದಿರ್ತದೆ, ಮ್ಯಾನೇಜರು ಪದೇ ಪದೇ ತೆಗೆಯೋದು, ಇಂಡೆಕ್ಸ್ (ಬೇಗ ಹುಡುಕೋಕೆ ಇರೋ ಸೂಚಿ) ಇಲ್ಲದ್ದು. ಯಾರು ಅಂತ ಎಲ್ಲರ ಎದುರು ಹೇಳೋಕೆ ಹೋಗ್ಬೇಡಿ, ಇಂಡೆಕ್ಸ್ ಹಾಕಿ ಸುಮ್ಮನಾಗಿ.

ರೆಪ್ಲಿಕಾ ಇದೆಯಲ್ಲ, ಬ್ಯಾಕಪ್ ಬೇಕಾ? ರೆಪ್ಲಿಕಾ ಸರಿ ಇದೆ ಅಂತ ಹೇಗೆ ನೋಡೋದು?

ಬೇಕು. ಇಲ್ಲಿ ತಪ್ಪಿ ಒಂದು ಟೇಬಲ್ ಡಿಲೀಟ್ ಮಾಡಿದ್ರೆ ರೆಪ್ಲಿಕಾ ಅಷ್ಟೇ ನಿಷ್ಠೆಯಿಂದ ಅಲ್ಲೂ ಡಿಲೀಟ್ ಮಾಡ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ‘ಶೋ ರೆಪ್ಲಿಕಾ ಸ್ಟೇಟಸ್’ ಕೊಟ್ರೆ ‘ಸೆಕೆಂಡ್ಸ್ ಬಿಹೈಂಡ್ ಸೋರ್ಸ್’ ಅಂತ ಬರ್ತದೆ, ಹಳೇ ವರ್ಶನ್‌ನಲ್ಲಿ ‘ಮಾಸ್ಟರ್’ ಅಂತಿತ್ತು, 8.0.22ರಿಂದ ಹೆಸರು ಬದಲಾಯ್ತು, ಹಳೇ ಸ್ಕ್ರಿಪ್ಟ್ ಇದ್ರೆ ನೋಡ್ಕೊಳ್ಳಿ. ಅದು 0 ಇದ್ರೆ ಸಂತೋಷ. ನಲ್ (ಸಂಖ್ಯೆಯೇ ಇಲ್ಲ ಅಂತ) ಇದ್ರೆ ರೆಪ್ಲಿಕೇಶನ್ನೇ ನಿಂತಿದೆ, ಕೆಲವು ಸ್ಕ್ರಿಪ್ಟು ನಲ್ಲನ್ನ 0 ಅಂತ ಓದಿ ಹಸಿರು ದೀಪ ಹಚ್ತದೆ. ನನಗೆ ಭರವಸೆ ಇರೋದು ಅದೇ ನಾಡಿ ಟೇಬಲ್ ಮೇಲೆ, ಮೇನಲ್ಲಿ ಬರೆದ ಟೈಮ್ ರೆಪ್ಲಿಕಾದಲ್ಲಿ ಎಷ್ಟು ಹಳೇದಾಗಿ ಕಾಣ್ತದೋ ಅಷ್ಟೇ ಲ್ಯಾಗು. ಪರ್ಕೋನಾ ಟೂಲ್‌ಕಿಟ್‌ನ ‘ಪಿಟಿ ಹಾರ್ಟ್‌ಬೀಟ್’ ಮಾಡೋದೂ ಇದನ್ನೇ.

ಬ್ಯಾಕಪ್ ದಿನಾ ಆಗ್ತದೆ. ಅದನ್ನೂ ಮಾನಿಟರ್ ಮಾಡ್ಬೇಕಾ?

ಗಿಟ್‌ಲ್ಯಾಬ್ ಅನ್ನೋ, ಸಾಫ್ಟ್‌ವೇರ್ ಕೋಡ್ ಇಟ್ಕೊಡೋ ಕಂಪನಿಯವರ ಕಥೆ ಕೇಳಿ. 2017ರ ಜನವರಿ 31, ರೆಪ್ಲಿಕಾ ಸರಿ ಮಾಡೋಕೆ ಹೋದ ಎಂಜಿನಿಯರ್ ತಪ್ಪಿ ಮೇನ್ ಸರ್ವರ್‌ನ ಡೇಟಾ ಫೋಲ್ಡರ್‌ನೇ ಅಳಿಸಿಬಿಟ್ರು, ನಿಲ್ಲಿಸೋದ್ರೊಳಗೆ ಸುಮಾರು 300 ಜಿಬಿ ಹೋಗಿತ್ತು. ಬ್ಯಾಕಪ್ ಇದೆಯಲ್ಲ ಅಂತ ನೋಡಿದ್ರೆ, ದಿನಾ ಓಡ್ಬೇಕಾದ ಪಿಜಿ ಡಂಪು (ಪೋಸ್ಟ್‌ಗ್ರೆಸ್‌ನ ಬ್ಯಾಕಪ್ ಪ್ರೋಗ್ರಾಮು), ಡೇಟಾಬೇಸ್ 9.6 ಇದ್ರೂ ತಾನು 9.2ರದ್ದಾಗಿ, ಪ್ರತಿ ಸಲ ಎರರ್ ಕೊಟ್ಟು ನಿಲ್ತಾ ಇತ್ತು. ಫೇಲ್ ಆಯ್ತು ಅಂತ ಹೇಳೋ ಮೇಲ್ ಹೋಗ್ತಿತ್ತು, ಆದ್ರೆ ಆ ಮೇಲ್‌ಗೆ ಡಿಮಾರ್ಕ್ (ಮೇಲ್ ನಿಜಕ್ಕೂ ಅವರಿಂದಲೇ ಬಂತಾ ಅಂತ ನೋಡೋ ವ್ಯವಸ್ಥೆ) ಸೆಟ್ ಆಗಿರ್ಲಿಲ್ಲ ಅಂತ ತಗೊಳ್ಳೋ ಕಡೆಯ ಮೇಲ್ ಸರ್ವರ್ ಅದನ್ನ ತಿರಸ್ಕರಿಸ್ತಿತ್ತು. ಕಡೆಗೆ ಆರು ತಾಸು ಹಿಂದಿನ ಒಂದು ಸ್ನ್ಯಾಪ್‌ಶಾಟ್ ಪುಣ್ಯಕ್ಕೆ ಸಿಕ್ತು. ಅವರು ಇದನ್ನೆಲ್ಲಾ ಮುಚ್ಚಿಡದೇ ಬರೆದದ್ದಕ್ಕೆ ನಮಗೆ ಗೊತ್ತಾಗಿದ್ದು, ಅದಕ್ಕೊಂದು ನಮಸ್ಕಾರ.

ನೋಡ್ಬೇಕಾದ್ದು ಬ್ಯಾಕಪ್ ಓಡಿತಾ ಅಂತಲ್ಲ. ಫೈಲ್ ಇವತ್ತಿಂದಾ, ಸೈಜು ನಿನ್ನೆಯದ್ದಕ್ಕೆ ಹತ್ತಿರ ಇದ್ಯಾ, ಮತ್ತೆ ತಿಂಗಳಿಗೊಮ್ಮೆ ಬೇರೆ ಮಷಿನ್‌ನಲ್ಲಿ ಬಿಚ್ಚಿ ನಿಲ್ಲಿಸಿ ಕೊನೇ ಬಿಲ್ ನಂಬರ್ ತಾಳೆ ನೋಡೋದು. 20 ಬೈಟಿನ ಬ್ಯಾಕಪ್ ಫೈಲ್ ಮೂರು ತಿಂಗಳು ಶಿಸ್ತಾಗಿ ಪೆನ್ ಡ್ರೈವಿಗೆ ಹೋಗ್ತಾ ಇದ್ದದ್ದು ನಾನೇ ನೋಡಿದ್ದೇನೆ, ಒಳಗೆ ಏನೂ ಇಲ್ಲದ ಜಿಜಿಪ್ (ಒತ್ತಿ ಚಿಕ್ಕ ಮಾಡಿದ) ಫೈಲ್ ಅಷ್ಟೇ ಇರೋದು. ಪಾಸ್‌ವರ್ಡ್ ಬದಲಾಗಿತ್ತು.

ದಿನಕ್ಕೆ ಅರವತ್ತು ಅಲರ್ಟ್ ಬರ್ತದೆ, ಈಗ ನೋಡೋದೇ ಬಿಟ್ಟಿದ್ದೇನೆ.

ತೋಟದಲ್ಲಿ ಮಂಗ ಓಡ್ಸೋಕೆ ಗರ್ನಾಲು ಹೊಡೀತೇವಲ್ಲ, ಮೊದಲ ವಾರ ಓಡ್ತವೆ, ಆಮೇಲೆ ಸಪ್ಪಳ ಕೇಳಿದ್ರೂ ಬಾಳೆಹಣ್ಣು ಸುಲೀತಾ ಕೂತಿರ್ತವೆ. ನೀವೀಗ ಆ ಮಂಗ. ಒಂದು ಸಲ ತಪ್ಪಿದ್ರೆ ಹೇಳ್ಬೇಡ, ಸತತ ಮೂರು ಸಲ ತಪ್ಪಿದ್ರೆ ಹೇಳು ಅಂತ ಇಡಿ. ರಾತ್ರಿ ಎಬ್ಬಿಸೋದು ಎರಡೇ ವಿಷ್ಯಕ್ಕೆ, ನಾಡಿ ನಿಂತಿದೆ, ಇಲ್ಲಾ ಬೆಳಗಾಗೋದ್ರೊಳಗೆ ಡಿಸ್ಕ್ ತುಂಬ್ತದೆ. ಲ್ಯಾಬಿನದ್ದಕ್ಕೆ ಮಾತ್ರ ಬೇರೆ ಲೆಕ್ಕ, ಅಲ್ಲಿ ರಾತ್ರಿಯೂ ರಿಪೋರ್ಟ್ ಬೇಕು. ಉಳಿದದ್ದೆಲ್ಲಾ ಬೆಳಗಿನ ದೋಸೆ ಮೆಸೇಜಿಗೆ ಸೇರಿಸಿ.

ಯಾವ ಸಾಫ್ಟ್‌ವೇರ್ ಹಾಕೋದು? ದುಡ್ಡು ಕೊಡ್ಬೇಕಾ?

ದುಡ್ಡು ಬೇಡ. ಒಂದೇ ಸರ್ವರ್ ಇದ್ರೆ ಮೇಲೆ ಹೇಳಿದ ಸ್ಕ್ರಿಪ್ಟು, ಕ್ರಾನ್ (ಲಿನಕ್ಸಿನ ಟೈಮ್‌ಟೇಬಲ್ ವ್ಯವಸ್ಥೆ), ‘ಅಪ್‌ಟೈಮ್ ಕುಮಾ’ ಇಷ್ಟು ಸಾಕು. ನಾಲ್ಕೈದು ಆದ್ರೆ ಜ್ಯಾಬಿಕ್ಸ್, ಅಥವಾ ಪ್ರೊಮಿಥಿಯಸ್ ಮತ್ತೆ ಗ್ರಫಾನಾ. ಗ್ರಫಾನಾ ಹಾಕಿದ ಮೊದಲ ವಾರ ಎಲ್ಲರೂ ಬಣ್ಣಬಣ್ಣದ ಗ್ರಾಫ್ ಮಾಡ್ತಾ ಕೂರ್ತಾರೆ, ಮಾಡಿ, ಚಂದ ಕಾಣ್ತದೆ. ಗ್ರಾಫಿಗೆ ಮಾತ್ರ ನಿಮ್ಮನ್ನ ಎಬ್ಬಿಸೋಕೆ ಬರಲ್ಲ.

ಕ್ಲೌಡಲ್ಲಿ ಇದ್ರೆ, ಅಮೆಜಾನ್ ಆರ್‌ಡಿಎಸ್ ಅಂತಿಟ್ಕೊಳ್ಳಿ, ಖಾಲಿ ಜಾಗ, ಕನೆಕ್ಷನ್ ಎಣಿಕೆ, ರೆಪ್ಲಿಕಾ ಲ್ಯಾಗ್ ಎಲ್ಲಾ ಅವರದ್ದೇ ಕ್ಲೌಡ್‌ವಾಚಲ್ಲಿ ಸಿಗ್ತದೆ. ಆದ್ರೆ ಅಲಾರ್ಮ್ ನೀವೇ ಇಡ್ಬೇಕು. ಊಟಕ್ಕೆ ಹೋದವರ ಲಾಕು ಅಲ್ಲೂ ಇರ್ತದೆ.

ಮಾನಿಟರಿಂಗ್‌ಗೆ ರೂಟ್ ಪಾಸ್‌ವರ್ಡ್ ಕೊಟ್ಟಿದ್ದೇನೆ. ಪರವಾಗಿಲ್ವಾ?

ಈಗಲೇ ತೆಗೀರಿ. ಮೈಎಸ್‌ಕ್ಯುಎಲ್‌ನಲ್ಲಿ ಬೇರೆ ಯೂಸರ್ ಮಾಡಿ ‘ಪ್ರೋಸೆಸ್’, ‘ರೆಪ್ಲಿಕೇಶನ್ ಕ್ಲೈಂಟ್’ ಎರಡು ಹಕ್ಕು ಕೊಡಿ, ನಾಡಿ ಟೇಬಲ್ ಒಂದಕ್ಕೆ ಓದೋ ಬರೆಯೋ ಹಕ್ಕು. ಪೋಸ್ಟ್‌ಗ್ರೆಸ್ 10ರಿಂದ ‘ಪಿಜಿ ಮಾನಿಟರ್’ ಅಂತ ರೋಲೇ ಇದೆ.

ಕರಾವಳಿಯಲ್ಲಿ, ಮಳೆಗಾಲದಲ್ಲಿ ಬೇರೆ ಎಂತಾದ್ರೂ ನೋಡ್ಕೊಬೇಕಾ?

ಕಾರವಾರದ ಉಪ್ಪುಗಾಳಿಗೆ ರ‍್ಯಾಮಿನ ಕಾಲು, ಪೋರ್ಟಿನ ಪಿನ್ನು ಎಲ್ಲಾ ಹಸಿರುಗಟ್ತದೆ. ವಿನಾಕಾರಣ ರೀಬೂಟ್ ಆಗ್ತಾ ಇದ್ರೆ ಸಾಫ್ಟ್‌ವೇರ್ ಬೈಯೋ ಮೊದಲು ಡಬ್ಬಿ ಬಿಚ್ಚಿ ನೋಡಿ. ಡಿಸ್ಕು ತನ್ನ ಆರೋಗ್ಯ ತಾನೇ ಬರೆಯೋ ಸ್ಮಾರ್ಟ್ ರಿಪೋರ್ಟಲ್ಲಿ ‘ರೀಅಲೊಕೇಟೆಡ್ ಸೆಕ್ಟರ್’ (ಹಾಳಾಗಿ ಬದಲಿ ಕೊಟ್ಟ ಜಾಗ) ಎಣಿಕೆ ವಾರವಾರ ಏರ್ತಾ ಇದ್ರೆ ಹೊಸ ಡಿಸ್ಕ್ ತರಿಸಿ, ಜೂನ್ ತನಕ ಕಾಯ್ಬೇಡಿ. ಇರುವೆ ಮಳೆ ಶುರುವಾದ ಕೂಡ್ಲೆ ಯುಪಿಎಸ್ ಒಳಗೆ ಸಂಸಾರ ಹೂಡ್ತದೆ.

ಮತ್ತೆ ಗಡಿಯಾರ. ಐದಾರು ವರ್ಷ ಹಳೇ ಮಷಿನ್ ಆದ್ರೆ ಮದರ್‌ಬೋರ್ಡಿನ ಸೆಲ್ ಸತ್ತಿರ್ತದೆ, ಕರೆಂಟ್ ಪೂರ್ತಿ ಹೋಗಿ ಬಂದ್ರೆ ತಾರೀಕು ಹಿಂದಕ್ಕೆ ಓಡ್ತದೆ, ಇಂಟರ್ನೆಟ್ಟೂ ಇಲ್ಲದಿದ್ರೆ ನೆಟ್ಟಿಂದ ಟೈಮ್ ತಿದ್ದೋ ಎನ್‌ಟಿಪಿಗೆ ಸರಿ ಮಾಡೋಕಾಗಲ್ಲ. ಐಸ್ ಫ್ಯಾಕ್ಟರಿಯಲ್ಲಿ ಒಂದು ಬೆಳಿಗ್ಗೆ ಪೂರ್ತಿ ಬಿಲ್‌ಗಳು ಹತ್ತು ವರ್ಷ ಹಿಂದಿನ ತಾರೀಕಲ್ಲಿ ಆಗಿ, ನಾಡಿ ಮಾತ್ರ ಬರೆದೆ ಓದಿದೆ ಸರಿ ಇದೆ ಅಂತ ಹೇಳ್ತಾ ಇತ್ತು. ಈಗ ಸ್ಕ್ರಿಪ್ಟು ಸರ್ವರ್ ಟೈಮನ್ನ ತನ್ನ ಟೈಮ್ ಜೊತೆ ಹೋಲಿಸಿ 30 ಸೆಕೆಂಡಿಗಿಂತ ಹೆಚ್ಚು ಫರಕ್ ಇದ್ರೆ ಕೂಗ್ತದೆ. ಸೆಲ್ ಹೆಸರು ಸಿಆರ್2032, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗ್ತದೆ, ತಗೊಳ್ಳುವಾಗ ಎರಡು ತಗೊಂಡು ಒಂದನ್ನ ಸರ್ವರ್ ಪಕ್ಕದ ಆ ಕಾಗದದ ಕೆಳಗೇ ಟೇಪ್ ಹಾಕಿ ಅಂಟಿಸಿಡಿ.